ನಿನ್ನ ಅಜ್ಜ ಪೆಟ್ಟಿಗೆ ಮಾಸ್ತರ ಆಗಿರಲಿಲ್ಲ

ಗದಗ
ಭಾನುವಾರ ಬೆಳಗ್ಗೆ

ಚಿ. ವಿದ್ಯಾಗೆ ಅವ್ವನ ಆಶೀರ್ವಾದಗಳು.

ನಿನ್ನ ವೀಸಾ ಬಂದ ಸುದ್ದಿ ನಿನ್ನ ತಮ್ಮನಿಂದ ಗೊತ್ತಾಯಿತು. ನೀನು ಹೇಳಲಿಲ್ಲ. ಮುಂಬೈಯಿಂದ ಬರುವಾಗ ಗಾಡಿಯಲ್ಲಿ ಆದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಇಲ್ಲಿ ತೆಗೆಯುವುದಿಲ್ಲ. ಎರಡು ಸಲ ಫೋನ್ ಹಚ್ಚಿದೆ. ನೀನು ಹಲೋ ಅಂದ ಕೂಡಲೇ "ಊಟ ಆತೇನು" ಅಂತ ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾಟಕ ನನಗೆ ಸೇರಲಿಲ್ಲ ಅಂತ ನೀನು ತಿಳಿದುಕೊಂಡಿದ್ದೀಯಲ್ಲ, ಅದು ತಪ್ಪು. ಮೊದಲು ಅದನ್ನು ಹೇಳುತ್ತೇನೆ.

'ಫ್ಯಾಂಟಮ್ ಆಫ್ ದಿ ಒಪೆರಾ' ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. 1986ರಲ್ಲಿ ಲಂಡನ್ನಿನಲ್ಲಿ ಶುರುವಾದ ನಾಟಕ, ನ್ಯೂಯಾರ್ಕಿನಲ್ಲಿ ಒಂದೇ ಥೇಟರಿನಲ್ಲಿ 35 ವರ್ಷ ನಡೆಯಿತು, 13,981 ಪ್ರಯೋಗ ಆಯಿತು ಅಂತ ನೀನು ಟ್ಯಾಕ್ಸಿಯಲ್ಲಿ ಹೇಳಿದೆ. ನಮ್ಮ ನಾಟಕ ಕಂಪನಿಗಳು ಒಂದೇ ಊರಲ್ಲಿ ನೂರು ಪ್ರಯೋಗ ಮಾಡಿದರೆ ಕಲಾವಿದರಿಗೆ ಶಾಲು ಹೊದಿಸುತ್ತಿದ್ದರು. ಒಂದೇ ಕ್ಯಾಂಪಿನಲ್ಲಿ ಹದಿನಾಲ್ಕು ಸಾವಿರ! ನನಗೆ ಅದೇ ಒಂದು ಪವಾಡ ಅನ್ನಿಸಿತ್ತು.

ಮುಂಬೈಯ ಆ 2,000 ಜನ ಕೂರುವ ಥೇಟರಿನಲ್ಲಿ ಕೂತಾಗ ನಿನ್ನ ಬಗ್ಗೆ ಎಷ್ಟು ಹೆಮ್ಮೆ ಅನ್ನಿಸಿತು ಗೊತ್ತಾ? ನಿನ್ನ ಸಂಬಳದಲ್ಲಿ ತೆಗೆಸಿದ ಟಿಕೆಟ್ಟು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಪಕ್ಕದ ಹೆಂಗಸು ಸೆರಗು ಮುಟ್ಟಿ ನೋಡಿ ಚಂದ ಇದೆ ಅಂದಳು. ಆಟ ಶುರುವಾದಾಗ ರಂಗದ ಮೇಲೆ ಬಟ್ಟೆ ಮುಚ್ಚಿದ ಹಳೇ ಸಾಮಾನು, ಹರಾಜು ನಡೆದಿದೆ. ಆಮೇಲೆ ಬಟ್ಟೆ ಸರಿದು ಆ ಗಾಜಿನ ದೀಪದ ಗೊಂಚಲು ಝಗ್ ಅಂತ ಬೆಳಗಿತು. ಆರ್ಗನ್ ಮೊಳಗಿತು. ಗೊಂಚಲು ಮೇಲೆದ್ದು ನಮ್ಮ ತಲೆಯ ಮೇಲೆ ಬಂದು ನಿಂತಾಗ ಮೈ ಜುಂ ಅಂತು. ಆ ಕೆರೆಯ ಸೀನ್ ಇನ್ನೂ ಕಣ್ಣಲ್ಲೇ ಇದೆ. ಹೊಗೆಯಲ್ಲಿ ದೋಣಿ ತೇಲಿ ಬರುತ್ತದೆ, ನೆಲದಿಂದ ದೀಪಗಳು ಒಂದೊಂದೇ ಮೇಲೇಳುತ್ತವೆ. ಕೈ ಎತ್ತಿ ಮುಗಿಯೋಣ ಅನ್ನಿಸಿತು. ಸುಳ್ಳಲ್ಲ.

ಆನೆ ಬಂದಾಗ ನೀನು ನನ್ನ ಕಡೆ ನೋಡಿದೆ, ಅಲ್ವಾ? ಕುರುಕ್ಷೇತ್ರ ನಾಟಕದಲ್ಲಿ ಗುಬ್ಬಿ ವೀರಣ್ಣನವರು ನಿಜವಾದ ಆನೆ, ಕುದುರೆ ರಂಗದ ಮೇಲೆ ತಂದಿದ್ದರು ಅಂತ ನಾನು ಯಾವಾಗಲೂ ಹೇಳುತ್ತಿದ್ದೆ. ಇದು ಮಾಡಿದ ಆನೆ, ಒಳಗೆ ಜನ ಇದ್ದಾರೆ ಅಂತ ನೀನು ಕಿವಿಯಲ್ಲಿ ಹೇಳಿದೆ. ಅಲ್ಲಿಯತನಕ ಎಲ್ಲ ಸರಿ ಇತ್ತು.

ಅದೇ ಸೀನಿನಲ್ಲಿ ಹಿಂದಿನ ಪರದೆ ದಡ್ ಅಂತ ಕೆಳಗೆ ಬಿತ್ತು. ಹಾಡುತ್ತಿದ್ದವಳು ಕಿರುಚಿದಳು. ಎಲ್ಲರೂ ಮೇಲೆ ನೋಡಿ ಬೈಯುತ್ತಾರೆ. ಆಗ ಕೈಯಲ್ಲಿ ಹಗ್ಗದ ತುಂಡು ಹಿಡಿದ ಒಬ್ಬ ಮುದುಕ ಕಾಣುತ್ತಾನೆ. ಪರದೆ ಏರಿಸಿ ಇಳಿಸುವವನು. ನನ್ನ ತಪ್ಪಲ್ಲ, ನಾನು ಆಗ ನನ್ನ ಜಾಗದಲ್ಲೇ ಇರಲಿಲ್ಲ ಅಂತಾನೆ. ಬುಕೆ ಅಂತ ಅವನ ಹೆಸರು. ನೀನು ಕಥೆ ಹೇಳುವಾಗ ಹಾಡುವ ಹುಡುಗಿ, ಮುಖವಾಡದವನು, ಆ ಶ್ರೀಮಂತ ಹುಡುಗ ಇಷ್ಟೇ ಹೇಳಿದ್ದೆ. ಬುಕೆಯ ವಿಷಯ ಹೇಳಿರಲಿಲ್ಲ. ಅವನನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮುಂದೆ ಅವನ ಹೆಣ ಹಗ್ಗದಲ್ಲಿ ಜೋತು ಬೀಳುತ್ತದೆ. ಜನ ಹೌಹಾರಿದರು. ಅಷ್ಟೇ, ಮರುಕ್ಷಣ ಹಾಡುವ ಹುಡುಗಿಯ ಹಿಂದೆ ಕಥೆ ಮಾಳಿಗೆ ಹತ್ತಿತು. ನಾನು ಅವನ ಹತ್ತಿರವೇ ಉಳಿದೆ.

ಆಮೇಲೆ ಗೊಂಚಲು ಬಿತ್ತು. ನಾನು ಎದ್ದು ನಿಂತು "ಅಪ್ಪಾ" ಅಂತ ಕೂಗಿದೆ. ನೀನು ಸೀರೆ ಹಿಡಿದು ಎಳೆದು ಕೂರಿಸಿದೆ. ಸುತ್ತ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ನನ್ನಿಂದ ತಡೆಯಲು ಆಗದೇ ಹೋದದ್ದು ಆ ಚಪ್ಪಾಳೆ. ಮುಂದಿನ ಅರ್ಧ ನಾಟಕ ನಾನು ನೋಡಲಿಲ್ಲ, ನೀನೂ ನೋಡಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಅಷ್ಟು ದುಡ್ಡು, ಅಷ್ಟು ಆಸೆ. ಹೊರಗೆ ಆ ಹೊಳೆಯುವ ನೆಲದ ಮೇಲೆ ನೀನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. "ಏನಾತು ಹೇಳವ್ವಾ" ಅಂತ ಮೂರು ಸಲ ಕೇಳಿದೆ. ತಲೆ ಸುತ್ತಿತು ಅಂದೆ. ಅದೇ ಹೊತ್ತಿಗೆ ನೀನು ಹೊಸ ಕೆಲಸದ ಸುದ್ದಿ ಹೇಳಿದೆ. ಊರೂರು ತಿರುಗುವ ಇಂಥದ್ದೇ ನಾಟಕದ ತಂಡದಲ್ಲಿ ರಿಗ್ಗಿಂಗ್ ಕೆಲಸ, ಮೇಲಿನಿಂದ ಇಳಿಯುವುದು ಏರುವುದು ಎಲ್ಲ ನಾವೇ ನೋಡಿಕೊಳ್ಳಬೇಕು ಅಂದೆ. ನನ್ನ ಕೈಕಾಲು ತಣ್ಣಗಾದವು.

ಈಗ ಹೇಳುತ್ತೇನೆ. ನಿನ್ನ ಅಜ್ಜ ಪೆಟ್ಟಿಗೆ ಮಾಸ್ತರ ಆಗಿರಲಿಲ್ಲ. ಅವರು ಹಾರ್ಮೋನಿಯಂ ಮುಟ್ಟಿದವರೇ ಅಲ್ಲ. ಕಂಪನಿಯಲ್ಲಿ ಹಗ್ಗ ಎಳೆಯುತ್ತಿದ್ದರು.

ನೀನು ನಾಲ್ಕನೇ ಇಯತ್ತೆಯಲ್ಲಿ 'ನನ್ನ ಅಜ್ಜ' ಅಂತ ಪ್ರಬಂಧ ಬರೆಯುವಾಗ ಕೇಳಿದೆ, ನಾನು ಹಾಗೆ ಹೇಳಿಬಿಟ್ಟೆ. ಈ ಊರಲ್ಲಿ ಅದು ಎಷ್ಟು ಸುಲಭದ ಸುಳ್ಳು. ವೀರೇಶ್ವರ ಪುಣ್ಯಾಶ್ರಮ ಇರುವ ಊರು, ಪುಟ್ಟರಾಜ ಗವಾಯಿಗಳ ಊರು, ಗರೂಡ ಸದಾಶಿವರಾಯರು ಕಂಪನಿ ಕಟ್ಟಿದ ಊರು. ಪೆಟ್ಟಿಗೆ ಮಾಸ್ತರ ಅಂದರೆ ಜನ ಕೈ ಮುಗಿಯುತ್ತಾರೆ. ಹಗ್ಗ ಎಳೆಯುವವರು ಅಂದರೆ ಮುಂದೆ ಕೇಳುವುದೇ ಇಲ್ಲ. ನಿನ್ನ ಪ್ರಬಂಧವನ್ನು ಶಾಲೆಯಲ್ಲಿ ಎಲ್ಲರೆದುರು ಓದಿಸಿದರು. ನಾನೂ ಟೀಚರ್, ನಾನೇ ಮಗಳ ಕೈಯಲ್ಲಿ ಸುಳ್ಳು ಬರೆಯಿಸಿದೆ. ನನ್ನ ಅಪ್ಪನ ಕೆಲಸಕ್ಕೆ ನಾನು ನಾಚಿಕೊಂಡೆ ಅಂತ ಬರೆಯಲು ಕೈ ನಡುಗುತ್ತಿದೆ. ಆದರೆ ನಾಚಿಕೆ ಅರ್ಧ ಮಾತ್ರ. ಇನ್ನರ್ಧ ಬೇರೆ.

1973ರಲ್ಲಿ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ನನಗೆ ಒಂಬತ್ತು ವರ್ಷ. ಜಾತ್ರೆಯಲ್ಲಿ ತಿಂಗಳುಗಟ್ಟಲೆ ಕಂಪನಿಗಳ ಕ್ಯಾಂಪ್ ಇರುತ್ತದೆ ಅಂತ ನಿನಗೆ ಗೊತ್ತು. ತಗಡಿನ ಥೇಟರು, ರಾತ್ರಿ ಒಂದು ಆಟ ಮುಗಿದರೆ ಇನ್ನೊಂದು. ಅಪ್ಪ ಮೂರು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಅವತ್ತು ಪೌರಾಣಿಕ ನಾಟಕ. ನಾರದ ಮೋಡದ ಮೇಲಿಂದ ಇಳಿದು ಬರಬೇಕು. ಮೋಡ ಅಂದರೆ ಒಂದು ಹಲಗೆ, ಮುಂದೆ ಬಣ್ಣದ ಬಟ್ಟೆ, ಎರಡು ಕಡೆ ಹಗ್ಗ, ಮೇಲೆ ಗಾಲಿ. ಆ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಇಷ್ಟಿಷ್ಟೇ ಬಿಡಬೇಕು. ಸುತ್ತು ಇದ್ದರೆ ಭಾರವನ್ನು ಗೂಟ ಹಿಡಿಯುತ್ತದೆ. ಗೂಟ ಅಲುಗಾಡುತ್ತಿತ್ತು, ಅಪ್ಪ ಹೇಳಿದ್ದರು. ಕಂಪನಿಯವರು "ಜಾತ್ರಿ ಮುಗೀಲಿ, ನೋಡೂಣು" ಅಂದಿದ್ದರು. ಜೊತೆಗೆ ಎಳೆಯುವವನು ಜ್ವರ ಬಂದು ಮಲಗಿದ್ದ. ಅಪ್ಪ ಒಬ್ಬರೇ, ಹಗ್ಗ ಕೈಯಲ್ಲಿ, ಕಾಲು ನೆಲಕ್ಕೆ ಒತ್ತಿ ನಿಂತಿದ್ದರು.

ನಾನು ಪರದೆಯ ಪಕ್ಕ ಟ್ರಂಕಿನ ಮೇಲೆ ಕೂತಿದ್ದೆ. ಹೊರಗೆ ಮಿರ್ಚಿ ಕರಿಯುವ ವಾಸನೆ ಬರುತ್ತಿತ್ತು. ಹಸಿವಾಗಿತ್ತು. "ಅಪ್ಪಾ, ರೊಕ್ಕಾ ಕೊಡು" ಅಂದೆ. ಅವರು ನನ್ನ ಕಡೆ ತಿರುಗಿದರು.

ಅಷ್ಟೇ ವಿದ್ಯಾ. ತಿರುಗಿದರು. ಹಗ್ಗ ಸರ್ ಅಂತ ಓಡಿತು. ಅವರು ಬಿಡಲಿಲ್ಲ, ಹಿಡಿದೇ ಇದ್ದರು, ಅಂಗೈ ಚರ್ಮ ಹಗ್ಗದ ಜೊತೆ ಹೋಯಿತು. ಆ ಕಡೆ ದಡ್ ಅಂತ ಸದ್ದು. ಆಮೇಲೆ ಚಪ್ಪಾಳೆ. ಜನ ಅದನ್ನು ಹೊಸ ಸೀನ್ ಅಂತ ತಿಳಿದು ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು, ಯಾರೋ ಒನ್ಸ್ ಮೋರ್ ಅಂದರು. ಹಲಗೆಯ ಕೆಳಗೆ ನಾರದನ ವೇಷದ ಹನ್ನೆರಡು ವರ್ಷದ ಹುಡುಗ ಕಾಲು ಮುರಿದುಕೊಂಡು ಬಿದ್ದಿದ್ದ. ಅವನ ತಂಬೂರಿ ಎರಡು ತುಂಡಾಗಿತ್ತು. ಅವನು ಬದುಕಿದ, ಆದರೆ ಕುಂಟಾದ.

ನಾನು ಕರೆದದ್ದಕ್ಕೇ ತಿರುಗಿದರೋ, ನಿದ್ದೆಗೆಟ್ಟ ಕಣ್ಣು ತಾನೇ ತಪ್ಪಿತೋ? ಗೂಟ ಗಟ್ಟಿ ಇದ್ದಿದ್ದರೆ? ಜೊತೆಗಾರ ಇದ್ದಿದ್ದರೆ? ನಾನು ಸುಮ್ನೆ ಕೂತಿದ್ದರೆ? ಇದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕ ಇಲ್ಲ. ರೊಟ್ಟಿ ಬಡಿಯುವಾಗ, ಶಾಲೆಯಲ್ಲಿ ಹಾಜರಿ ಕರೆಯುವಾಗ, ನೀನು ಹುಟ್ಟಿದ ರಾತ್ರಿ ಆಸ್ಪತ್ರೆಯಲ್ಲಿ. ಎಲ್ಲರೂ ಕೇಳಿದಾಗ ಅಪ್ಪ "ಕೈ ಜಾರಿತ್ರೀ, ನಂದ ತಪ್ಪು" ಅಂದರು. ಮಗಳು ಕರೆದಳು ಅಂತ ಹೇಳಲೇ ಇಲ್ಲ. ಅವತ್ತೂ ಹೇಳಲಿಲ್ಲ, ಸಾಯುವತನಕ ನನ್ನ ಮುಂದೆಯೂ ಅನ್ನಲಿಲ್ಲ. ಮರುದಿನ ನಾವು ಗದಗಕ್ಕೆ ಬಂದೆವು. ಅವರು ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡಿದರು. ಮತ್ತೆ ಯಾವ ನಾಟಕಕ್ಕೂ ಹೋಗಲಿಲ್ಲ. ಬಲಗೈ ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಎಡಗೈ ಹಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮುರಿದು ಕೊಡುತ್ತಿದ್ದೆ, ಅವರು ಬೇಡ ಅನ್ನುತ್ತಿರಲಿಲ್ಲ.

ಗಾಡಿಯಲ್ಲಿ ಬಾದಾಮಿ ಸ್ಟೇಷನ್ ಬಂದಾಗ ಹೇಳಬೇಕು ಅಂದುಕೊಂಡೆ. ಚಹಾದವನು ಬಂದ. ಚಹಾ ತಗೋ ಅಂದೆ. ನೀನು ಬೇಡ ಅಂದೆ. ಗಾಡಿ ಬಿಟ್ಟಿತು.

ನೀನು ಟ್ಯಾಕ್ಸಿಯಲ್ಲಿ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತಿದೆ. 1896ರಲ್ಲಿ ಪ್ಯಾರಿಸ್ಸಿನ ಒಪೆರಾ ಥೇಟರಿನಲ್ಲಿ ನಿಜವಾಗಿಯೂ ಅವಘಡ ಆಗಿತ್ತು, ಗೊಂಚಲು ಬೀಳಲಿಲ್ಲ, ಅದನ್ನು ತೂಗಿಸಿ ಹಿಡಿದ ಭಾರದ ಗುಂಡು ಬಿತ್ತು, ಒಬ್ಬ ಹೆಂಗಸು ಸತ್ತಳು ಅಂದೆ. ಗುಂಡು ಹೇಗೆ ಕೆಲಸ ಮಾಡುತ್ತದೆ ಅಂತ ಕೈಯಲ್ಲಿ ತೋರಿಸಿದೆ. ನಿನ್ನ ಕಣ್ಣು ಹೊಳೆಯುತ್ತಿದ್ದವು. ಅಪ್ಪ ಗಾಲಿಗೆ ಎಣ್ಣೆ ಹಾಕುವಾಗ ಹಾಗೇ ಹೊಳೆಯುತ್ತಿದ್ದವು. ನಾನು ನಿನಗೆ ಅವರ ಬಗ್ಗೆ ಏನೂ ಹೇಳಿರಲಿಲ್ಲ. ಆದರೂ ನೀನು ಅಲ್ಲಿಗೇ ಹೋಗಿ ಮುಟ್ಟಿದೆ. ಇದಕ್ಕೆ ಏನು ಅನ್ನಬೇಕೋ ನನಗೆ ತಿಳಿಯದು. ಹೆದರಿಕೆಯೂ ಆಗುತ್ತದೆ, ಎದೆ ತುಂಬಿಯೂ ಬರುತ್ತದೆ.

ಹೋಗಬೇಡ ಅಂತ ಗಾಡಿಯಲ್ಲಿ ಅಂದೆ. ಈಗ ಅನ್ನುವುದಿಲ್ಲ. ಈಗ ಉಕ್ಕಿನ ತಂತಿ, ಮೋಟಾರು, ಒಂದು ಹೋದರೆ ಹಿಡಿಯಲು ಇನ್ನೊಂದು, ಎಲ್ಲಕ್ಕೂ ಕಂಪ್ಯೂಟರು ಅಂತ ನೀನು ಹೇಳಿದ್ದು ಒಪ್ಪುತ್ತೇನೆ. ಆದರೂ ಕೇಳು. ಎಷ್ಟೇ ಅವಸರ ಇದ್ದರೂ ನಿದ್ದೆಗೆಟ್ಟು ಮೇಲೆ ಹತ್ತಬೇಡ. ಹೊಟ್ಟೆ ಖಾಲಿ ಇಟ್ಟುಕೊಂಡು ಹತ್ತಬೇಡ. ಒಬ್ಬಳೇ ಇಬ್ಬರ ಕೆಲಸ ಮಾಡಬೇಡ, ಶಭಾಶ್ ಅನ್ನಿಸಿಕೊಳ್ಳಲು ಅಂತೂ ಬೇಡವೇ ಬೇಡ. ಕೆಳಗೆ ಯಾರು ನಿಂತಿದ್ದಾರೆ ಅಂತ ಪ್ರತಿ ಸಲ ನೋಡು, ನೂರು ಸಲ ನೋಡಿದ್ದರೂ ನೋಡು. ಏನಾದರೂ ಅಲುಗಾಡುತ್ತಿದ್ದರೆ ಬರೆದು ಕೊಡು, ಬಾಯಿಮಾತಲ್ಲಿ ಬಿಡಬೇಡ. ಈ ಊರಿನ ಆಟ ಮುಗಿಯಲಿ, ಆಮೇಲೆ ನೋಡೋಣ ಅಂತ ಯಾರಾದರೂ ಅಂದರೆ ಕೆಲಸ ಬಿಟ್ಟು ಮನೆಗೆ ಬಾ. ಯಾರು ಏನು ಅಂತಾರೆ ಅಂತ ನೋಡಬೇಡ. ಖರ್ಚಿಗೆ ನನ್ನ ಪೆನ್ಷನ್ ಇದೆ. ಕೈ ಹಗ್ಗದ ಮೇಲೆ ಇದ್ದಾಗ ಯಾರು ಕರೆದರೂ ತಿರುಗಬೇಡ. ನಾನು ಕರೆದರೂ ತಿರುಗಬೇಡ. ನಿಮ್ಮ ಆಟದ ಹೊತ್ತು ಬರೆದು ಕಳಿಸು, ಗೋಡೆಗೆ ಹಚ್ಚಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಫೋನ್ ಮಾಡುವುದಿಲ್ಲ.

ಪಾಸ್‌ಪೋರ್ಟಿನ ಝೆರಾಕ್ಸ್ ನಾಲ್ಕು ಕಡೆ ಇಡು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿಸಿದ್ದೇನೆ. ಕಡಕ್ ರೊಟ್ಟಿ ಐವತ್ತು ಆಗಿವೆ, ಇನ್ನೂ ಮಾಡುತ್ತೇನೆ. ಮದುವೆಯ ಮಾತು ಎತ್ತುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ಎತ್ತುವುದಿಲ್ಲ.

ಹೋಗುವ ಮೊದಲು ಒಂದು ಸಲ ಊರಿಗೆ ಬರುತ್ತೀಯಲ್ಲ. ಮುಂಬೈ ಗಾಡಿಯಲ್ಲಿ ಗದಗದ ತನಕ ಬರಬೇಡ, ಬಾದಾಮಿಯಲ್ಲಿ ಇಳಿ. ನಾನು ಇಲ್ಲಿಂದ ಬಸ್ಸಿಗೆ ಬಂದು ಸ್ಟೇಷನ್ನಿನಲ್ಲೇ ಇರುತ್ತೇನೆ. ಬನಶಂಕರಿಗೆ ಹೋಗೋಣ. 52 ವರ್ಷ ಆಯಿತು, ನಾನು ಆ ಕಡೆ ಕಾಲಿಟ್ಟಿಲ್ಲ. ನಮ್ಮ ಥೇಟರು ಇದ್ದ ಜಾಗ ಗುರುತು ಸಿಗುತ್ತದೋ ಇಲ್ಲವೋ, ಗೂಟ ಎಲ್ಲಿತ್ತು ಅಂತ ಸುಮಾರಾಗಿ ತೋರಿಸುತ್ತೇನೆ. ಸುತ್ತು ಹೇಗೆ ಹಾಕಬೇಕಿತ್ತು ಅಂತ ನೀನು ನನಗೆ ತೋರಿಸು. ಗುಡಿಯ ಮುಂದೆ ಬುಟ್ಟಿ ಹೊತ್ತು ರೊಟ್ಟಿ ಮೊಸರು ಮಾರುವ ಹೆಂಗಸರು ಇರುತ್ತಾರಂತೆ, ಊಟ ಅಲ್ಲೇ ಮಾಡೋಣ. ಯಾವ ದಿನ ಬರುತ್ತೀ ಅಂತ ತಿಳಿಸು.

ನಿನ್ನ ಅವ್ವ