ನಾನು ಡಬ್ಬ ಒಯ್ದರೂ ಕವರೇ ಗತಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಿಡಿದು ದಂಡ ಹಾಕಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದನ್ನು ಓದಿ ಎರಡು ದಿನ ಆಗಿಲ್ಲ, ನಿನ್ನೆ ಸಂಜೆ ನನಗೇ ಹೀಗಾಯಿತು.

ಮುಖ್ಯರಸ್ತೆಯ ಸೂಪರ್ ಮಾರ್ಕೆಟ್‌ಗೆ ಎರಡು ಸ್ಟೀಲ್ ಡಬ್ಬ, ಒಂದು ಬಟ್ಟೆ ಚೀಲ ಹಿಡಿದು ಹೋಗಿದ್ದೆ. ಚೀಲ ಬಾಗಿಲಲ್ಲೇ ಇಟ್ಟು ಟೋಕನ್ ತಗೊಳ್ಳಿ ಎಂದರು. ಒಳಗೆ ತೊಗರಿಬೇಳೆ, ಸಕ್ಕರೆ ಎಲ್ಲ ದೊಡ್ಡ ಡ್ರಮ್ಮಿನಲ್ಲಿ ಬಿಡಿಯಾಗಿಯೇ ಇದೆ. ಆದರೆ ನನ್ನ ಡಬ್ಬಕ್ಕೆ ಹಾಕುವುದಿಲ್ಲವಂತೆ! ಪಕ್ಕದ ರೋಲಿನಿಂದ ತೆಳು ಕವರ್ ಹರಿದು, ಅದಕ್ಕೆ ತುಂಬಿ, ಗಂಟು ಹಾಕಿ, ಸ್ಟಿಕ್ಕರ್ ಅಂಟಿಸಿದರೆ ಮಾತ್ರ ಬಿಲ್. ಡಬ್ಬದ ತೂಕ ಸೇರಿಬಿಡುತ್ತೆ ಮೇಡಂ ಎಂದ ಹುಡುಗ. ಖಾಲಿ ಡಬ್ಬ ಇಟ್ಟು ಟೇರ್ ಬಟನ್ ಒತ್ತಿದರೆ ತಕ್ಕಡಿ ಸೊನ್ನೆಗೆ ಬರುತ್ತೆ, ಆ ಬಟನ್ ಅಲ್ಲೇ ಇತ್ತು, ಬೆರಳಿಟ್ಟು ತೋರಿಸಿದೆ. ಮ್ಯಾನೇಜರ್ ಬಂದು ಹಾಗೆಲ್ಲ ರೂಲ್ಸ್ ಇಲ್ಲ ಎಂದರು. ಹಿಂದೆ ನಿಂತವರು ಗೊಣಗಿದರು. ಮುಕ್ಕಾಲು ಗಂಟೆ ನಿಂತು, ಮಂಡಿನೋವು ಜಾಸ್ತಿ ಮಾಡಿಕೊಂಡು, ಖಾಲಿ ಡಬ್ಬದ ಜೊತೆ ಐದು ಕವರ್ ಹೊತ್ತು ಮನೆಗೆ ಬಂದೆ.

ನ್ಯಾಯಬೆಲೆ ಅಂಗಡಿ ನೋಡಿ. ಅಲ್ಲಿ ಅಕ್ಕಿ ತೂಗಿ ನೇರವಾಗಿ ನಾವು ತಂದ ಚೀಲಕ್ಕೇ ಸುರಿಯುತ್ತಾರೆ. ಕೂಲಿ ಮಾಡುವ ಹೆಂಗಸರೂ ಮನೆಯಿಂದಲೇ ಚೀಲ ತರುತ್ತಾರೆ, ಯಾರಿಗೂ ಕಷ್ಟ ಆಗಿಲ್ಲ. ಏಸಿ ಹಾಕಿಸಿಕೊಂಡ ಅಂಗಡಿಗೆ ಮಾತ್ರ ಇದು ಆಗಲ್ಲ ಅಂದರೆ ಹೇಗೆ? ಎಣ್ಣೆಯನ್ನು ಬಿಡಿಯಾಗಿ ಮಾರುವಂತಿಲ್ಲ, ಕಲಬೆರಕೆಯ ಭಯ, ಅದನ್ನು ಒಪ್ಪುತ್ತೇನೆ. ಬೇಳೆಗೇನು ಅಡ್ಡಿ? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು, ಬಿಡಿ ಬೇಳೆಗೆ ಇಲ್ಲ. ತೆರಿಗೆಗೆ ಅದು ಬಿಡಿ ಬೇಳೆ, ನಮ್ಮ ಕೈಗೆ ಬರುವಾಗ ಮಾತ್ರ ಪ್ಲಾಸ್ಟಿಕ್ಕಿನ ಗಂಟು. ಇದು ಯಾವ ನ್ಯಾಯ?

ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ್ದು 2016ರಲ್ಲಿ. 2022ರ ಡಿಸೆಂಬರ್ 31ರಿಂದ ದೇಶದಲ್ಲೆಲ್ಲ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲ ಕೊಡುವಂತಿಲ್ಲ. ಅಧಿಕಾರಿಗಳು ಬಂದರೆ ಹೂವಿನವಳ ಬುಟ್ಟಿಗೆ ಕೈ ಹಾಕುತ್ತಾರೆ, ತಳ್ಳುಗಾಡಿಯವನ ಕವರ್ ಕಿತ್ತುಕೊಳ್ಳುತ್ತಾರೆ. ಗಾಜಿನ ಬಾಗಿಲೊಳಗೆ ಆ ರೋಲ್‌ಗಳು ಎಲ್ಲರ ಕಣ್ಣೆದುರೇ ತೂಗುತ್ತಿವೆ, ಅಲ್ಲಿಗೆ ಯಾಕೆ ಹೋಗಲ್ಲ?

ನಮ್ಮ ಕ್ರಾಸಿನ ಮೋರಿ ಕಟ್ಟಿಕೊಂಡಿರುವುದೂ ಇಂಥ ಕವರ್‌ಗಳಿಂದಲೇ. ಎರಡು ಸಲ ಪಾಲಿಕೆಗೆ ಅರ್ಜಿ ಕೊಟ್ಟೆ. ಒಂದು ಸಲ ಫೋಟೋ ತೆಗೆದುಕೊಂಡು ಹೋದರು, ಇನ್ನೊಂದು ಸಲ ಅದೂ ಇಲ್ಲ. ಮಳೆ ಬಂದರೆ ಮೆಟ್ಟಿಲವರೆಗೂ ಕೊಳಚೆ ನೀರು, ಮೊಮ್ಮಗುವನ್ನು ಎತ್ತಿಕೊಂಡೇ ದಾಟಿಸಬೇಕು. ಕಸದ ಗಾಡಿ ಯಾವ ಹೊತ್ತಿಗೆ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಆದರೆ ಹಸಿ ಕಸ ಒಣ ಕಸ ಬೇರೆ ಮಾಡಿಲ್ಲ ಎಂದು ಬೈಸಿಕೊಳ್ಳುವವರು ನಾವು. ಊರಿನ ಕಸ ತಂದು ಸುರಿಯುತ್ತಿದ್ದ ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಹತ್ತಿರದವರು ಎಷ್ಟು ವರ್ಷ ಆ ಕಸದ ನಾತ ಕುಡಿದರು ಎಂಬುದು ಊರಿಗೇ ಗೊತ್ತು.

ಡಬ್ಬ ತಂದವರಿಗೆ ಡಬ್ಬಕ್ಕೇ ಹಾಕಿಕೊಡಬೇಕು ಎಂದು ಎಲ್ಲ ದೊಡ್ಡ ಅಂಗಡಿಗಳಿಗೂ ಆದೇಶ ಹೊರಡಿಸಿ. ಆಗಲಿಲ್ಲವೇ, ಆ ರೋಲ್‌ಗಳನ್ನಾದರೂ ಕಿತ್ತುಹಾಕಿಸಿ. ಅದಕ್ಕೂ ಮೊದಲು ನಮ್ಮ ಮೋರಿಯ ಕಸ ತೆಗೆಸಿ. ಸಂಬಂಧಪಟ್ಟವರು ಒಂದು ದಿನ ಜೀಪಿನಿಂದ ಇಳಿದು, ಮನೆಯಿಂದ ಚೀಲ ಹಿಡಿದು ಸಾಮಾನು ತರಲು ಹೋಗಿ ನೋಡಲಿ.

— ಒಬ್ಬ ಗೃಹಿಣಿ, ಮೈಸೂರು