ಸ್ಥಾನದ ಪಕ್ಕದಲ್ಲಿ ಮತದ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

2024ರ ಲೋಕಸಭಾ ಚುನಾವಣೆಯ ಮಾತು ಬಂದಾಗಲೆಲ್ಲ ಚರ್ಚೆ ಎರಡು ಅಂಕಿಗಳಲ್ಲೇ ಮುಗಿದುಹೋಗುತ್ತದೆ: ಬಿಜೆಪಿ 240, ಕಾಂಗ್ರೆಸ್ 99. ಹಿಂದಿನ ಸಲ 303 ಮತ್ತು 52 ಇದ್ದದ್ದರಿಂದ ಒಂದು ಪಾಳಯಕ್ಕೆ ಇದು ಸೋಲಿನಂಥ ಗೆಲುವು, ಇನ್ನೊಂದಕ್ಕೆ ಗೆಲುವಿನಂಥ ಸೋಲು. ಮತದಾರ ಎಷ್ಟು ಬದಲಾದ ಎಂಬುದನ್ನು ಮಾತ್ರ ಈ ಅಂಕಿಗಳು ಹೇಳುವುದಿಲ್ಲ. ಬಿಜೆಪಿ 63 ಸ್ಥಾನ ಕಳೆದುಕೊಂಡರೂ ದೇಶದಾದ್ಯಂತ ಅದರ ಮತ ಪ್ರಮಾಣ ಇಳಿದದ್ದು ಶೇಕಡಾ ಒಂದಕ್ಕಿಂತ ಕಡಿಮೆ, ಸುಮಾರು 37.3 ಇದ್ದದ್ದು 36.6 ಆಯಿತು. ಉತ್ತರ ಪ್ರದೇಶದಲ್ಲಿ 62 ಇದ್ದ ಸ್ಥಾನ 33ಕ್ಕೆ ಕುಸಿಯಿತು. ತಮಿಳುನಾಡಿನಲ್ಲಿ ಮತ ಶೇ 11 ದಾಟಿದರೂ ಒಂದು ಸ್ಥಾನವೂ ದಕ್ಕಲಿಲ್ಲ. ಅಲ್ಲಿ ಹಿಂದಿಗಿಂತ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿದ್ದರಿಂದಲೂ ಮತ ಏರಿದೆ ಎಂಬುದನ್ನು ಮರೆಯಬಾರದು.

ಎಷ್ಟು ಕಡೆ ಸ್ಪರ್ಧಿಸಿದರು ಎಂಬ ಈ ಅಂಕಿ ಪತ್ರಿಕೆಗಳ ಫಲಿತಾಂಶ ಪಟ್ಟಿಯಲ್ಲಿ ಇರುವುದೇ ಅಪರೂಪ. ಕಾಂಗ್ರೆಸ್ 2019ರಲ್ಲಿ 421 ಕಡೆ ನಿಂತಿತ್ತು. 2024ರಲ್ಲಿ ಮಿತ್ರಪಕ್ಷಗಳಿಗೆ ಬಿಟ್ಟುಕೊಟ್ಟು 328ಕ್ಕೆ ಇಳಿಯಿತು. ಹಾಗಿದ್ದೂ ಅದರ ಮತ ಶೇ 19.5ರಿಂದ 21.2ಕ್ಕೆ ಏರಿತು. ಸ್ಪರ್ಧಿಸಿದ ಕ್ಷೇತ್ರಗಳನ್ನಷ್ಟೇ ತೆಗೆದುಕೊಂಡರೆ ಏರಿಕೆ ಇದಕ್ಕಿಂತ ದೊಡ್ಡದು.

ನಮ್ಮ ರಾಜ್ಯದ ಲೆಕ್ಕವನ್ನಂತೂ ಇನ್ನೂ ಜೋಪಾನವಾಗಿ ಓದಬೇಕು. 2024ರಲ್ಲಿ ಬಿಜೆಪಿಗೆ ಶೇ 46.06, ಕಾಂಗ್ರೆಸ್ಸಿಗೆ ಶೇ 45.43. ಇಷ್ಟು ಹತ್ತಿರವಿದ್ದೂ ಒಬ್ಬರಿಗೆ 17, ಇನ್ನೊಬ್ಬರಿಗೆ 9 ಹೇಗೆ ಎಂದು ಕೇಳುವವರುಂಟು. ಕಾಂಗ್ರೆಸ್ 28 ಕಡೆಯೂ ನಿಂತಿತ್ತು. ಬಿಜೆಪಿ ನಿಂತದ್ದು 25ರಲ್ಲಿ. ಹಾಸನ, ಮಂಡ್ಯ, ಕೋಲಾರ ಅದರ ಮಿತ್ರಪಕ್ಷ ಜೆಡಿಎಸ್ ಪಾಲಾಗಿದ್ದವು. ಜೆಡಿಎಸ್‌ನ ಶೇ 5.6 ಸೇರಿಸಿದರೆ ಮೈತ್ರಿಕೂಟದ ಮತ ಶೇ 51.66, ಸ್ಥಾನ 19. ಹೋಲಿಸಬೇಕಾದದ್ದು 51.66ನ್ನು 45.43ರ ಜೊತೆಗೆ.

2019ಕ್ಕೆ ಹೋಲಿಸುವಾಗಲೂ ಇದೇ ತಪ್ಪು ನಡೆಯುತ್ತದೆ. ಕಾಂಗ್ರೆಸ್ 31.88ರಿಂದ 45.43ಕ್ಕೆ ಜಿಗಿಯಿತು ಎನ್ನುತ್ತಾರೆ. ಆಗ ಅದು ಜೆಡಿಎಸ್ ಜೊತೆಗಿದ್ದು 21 ಕಡೆ ಮಾತ್ರ ನಿಂತಿತ್ತು, 7 ಕ್ಷೇತ್ರ ಜೆಡಿಎಸ್‌ಗೆ ಹೋಗಿದ್ದವು. ಇನ್ನೊಂದು ಕಡೆ, ಬಿಜೆಪಿಯ ಆಗಿನ 51.38ಕ್ಕೆ ಜೆಡಿಎಸ್‌ನ 9.67 ಕೂಡಿಸಿ, 61 ಬರಬೇಕಿದ್ದ ಮೈತ್ರಿಗೆ 51.66 ಬಂತು, ಮತ ವರ್ಗಾವಣೆ ಆಗಲೇ ಇಲ್ಲ ಎಂಬ ವಾದವೂ ಇದೆ. ಆ 9.67ರಲ್ಲಿ ಏಳು ಕ್ಷೇತ್ರಗಳ ಕಾಂಗ್ರೆಸ್ ಬೆಂಬಲಿಗರ ಮತವೂ ಬೆರೆತಿತ್ತು. ಅದಷ್ಟೂ ಜೆಡಿಎಸ್‌ನ ಸ್ವಂತ ಮತವಲ್ಲ. ಮೈತ್ರಿ ಬದಲಾದ ರಾಜ್ಯದಲ್ಲಿ ಪಕ್ಷದ ಒಟ್ಟು ಮತ ನೋಡಿ ತೀರ್ಪು ಹೇಳುವುದು ಸಲ್ಲ. ಕ್ಷೇತ್ರವಾರು ಎದುರುಬದುರಿಟ್ಟು ನೋಡಬೇಕು.

ಒಡಿಶಾದಲ್ಲಿ ಬಿಜು ಜನತಾ ದಳ (ಬಿಜೆಡಿ) ಶೇ 37ಕ್ಕೂ ಹೆಚ್ಚು ಮತ ಪಡೆದು ಒಂದೂ ಸ್ಥಾನ ಗೆಲ್ಲಲಿಲ್ಲ. 21ರಲ್ಲಿ 20 ಬಿಜೆಪಿಗೆ ಹೋದವು. ಅಷ್ಟೊಂದು ಮತದಾರರಿಗೆ ಲೋಕಸಭೆಯಲ್ಲಿ ದನಿಯೇ ಇಲ್ಲವಾಯಿತು ಎನ್ನುವುದು ನನಗೆ ಸ್ಥಾನಪಟ್ಟಿಗಿಂತ ದೊಡ್ಡ ಸುದ್ದಿ.

ಎಣಿಕೆಯ ದಿನದ ಮುನ್ನಡೆಯ ಬಗ್ಗೆಯೂ ಒಂದು ಮಾತು. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು, ಒಂದು ಸುತ್ತಿಗೆ 14 ಮತಗಟ್ಟೆಗಳ ಯಂತ್ರ. 280 ಮತಗಟ್ಟೆ ಇದ್ದರೆ 20 ಸುತ್ತು, 420 ಇದ್ದರೆ 30. ಹಾಗಾಗಿ ಒಂದೇ ಲೋಕಸಭಾ ಕ್ಷೇತ್ರದ ಚಿಕ್ಕ ಭಾಗ ಮಧ್ಯಾಹ್ನಕ್ಕೆ ಮುಗಿದರೂ ದೊಡ್ಡ ಭಾಗ ಸಂಜೆವರೆಗೆ ಎಳೆಯಬಹುದು, ಅಷ್ಟರಲ್ಲಿ ಮುನ್ನಡೆಯೂ ಮಗುಚಬಹುದು. ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರವನ್ನೇ ನೋಡಿ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಹದೇವಪುರ ಒಂದರಲ್ಲೇ ಬಿಜೆಪಿಗೆ 1,14,046 ಮತಗಳ ಮುನ್ನಡೆ. ಕೊನೆಯ ಗೆಲುವಿನ ಅಂತರ 32,707. ಉಳಿದ ಏಳನ್ನು ಕೂಡಿದರೆ ಕಾಂಗ್ರೆಸ್ಸೇ ಮುಂದಿತ್ತು. ಮುಂದೆ ಪಟ್ಟಿಯಲ್ಲಿ ನಕಲಿ ಮತದಾರರಿದ್ದಾರೆ ಎಂಬ ಕಾಂಗ್ರೆಸ್ ಆರೋಪದಿಂದ ಮತದಾರರ ಪಟ್ಟಿಯ ವಿವಾದ ಎದ್ದದ್ದೂ ಇದೇ ಮಹದೇವಪುರದ ಸುತ್ತ. ಯಾರ ವಾದ ಸರಿ ಎಂದು ತೂಗಲು ಓದುಗನಿಗೆ ಮೊದಲು ವಿಧಾನಸಭಾವಾರು ಅಂಕಿ ಸಿಗಬೇಕು.

ಆದ್ದರಿಂದ ಪತ್ರಿಕೆಯಲ್ಲಿ ನನ್ನ ಕೋರಿಕೆ ಇದು. ಮುಂದಿನ ಫಲಿತಾಂಶದ ಮರುದಿನ ಪ್ರತಿ ಪಕ್ಷದ ಗೆದ್ದ ಸ್ಥಾನದ ಪಕ್ಕದಲ್ಲಿ ಸ್ಪರ್ಧಿಸಿದ ಸ್ಥಾನ, ಶೇಕಡಾ ಮತ, ಮೈತ್ರಿಕೂಟದ ಒಟ್ಟು ಮತ ಇವನ್ನೂ ಅಚ್ಚು ಮಾಡಿ. ಆಯಾ ಜಿಲ್ಲಾ ಪುಟದಲ್ಲಿ ವಿಧಾನಸಭಾವಾರು ಮುನ್ನಡೆ ಕೊಡಿ. ಮತಗಟ್ಟೆವಾರು ಲೆಕ್ಕ ನಮೂನೆ 20ರಲ್ಲಿ ಇರುತ್ತದೆ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣಕ್ಕೆ ಅದು ಬರುವುದು ತುಸು ತಡವಾಗಿ. ಬಂದ ದಿನ ಅದೊಂದು ಪುಟ್ಟ ಸುದ್ದಿಯಾಗಿಯಾದರೂ ಪ್ರಕಟವಾದರೆ, ತಮ್ಮ ಊರಿನ ಮತಗಟ್ಟೆಯ ಲೆಕ್ಕವನ್ನು ಓದುಗರೇ ತೆರೆದು ನೋಡಿಕೊಳ್ಳುತ್ತಾರೆ.

ಇತಿ,
ನಿಮ್ಮ ಓದುಗ, ತುಮಕೂರು