ಗೆಳೆಯನಿಗೊಂದು ಪತ್ರ: ಆ ಪೂಜೆ ನಿನಗಾಗಿಯೂ ನಡೆಯುತ್ತದೆ

ಪ್ರೀತಿಯ ಗೆಳೆಯನಿಗೆ,

ಪ್ರಭು ಯೇಸುವಿನ ಶಾಂತಿ ನಿನ್ನೊಂದಿಗಿರಲಿ.

ನಿನ್ನ ಪತ್ರ ಕೈಸೇರಿ ಎರಡು ವಾರಗಳಾದವು. ಹೊಸ ಊರಿಗೆ ಹೋಗಿ ಹತ್ತು ತಿಂಗಳು ಕಳೆದರೂ ಅಲ್ಲಿನ ಕಥೋಲಿಕ ದೇವಾಲಯಕ್ಕೆ ಮೂರೇ ಸಲ ಹೋಗಿರುವುದಾಗಿಯೂ, ಮೂರು ಸಲವೂ ಕೊನೆಯ ಬೆಂಚಿನಲ್ಲಿ ಕುಳಿತು ಯಾರೊಡನೆಯೂ ಮಾತಾಡದೆ ಹಿಂದಿರುಗಿರುವುದಾಗಿಯೂ, ಈಗೀಗ ಭಾನುವಾರದ ಪೂಜೆಯನ್ನು ಮೊಬೈಲಿನಲ್ಲೇ ನೋಡಿ ಮುಗಿಸುತ್ತಿರುವುದಾಗಿಯೂ ಬರೆದಿದ್ದೀಯೆ. ಇದಾವುದಕ್ಕೂ ನಾನು ನಿನ್ನನ್ನು ಗದರಿಸುವವನಲ್ಲ. ಆದರೆ ಕೊನೆಯಲ್ಲಿ ನೀನು ಬರೆದ ಒಂದು ಸಾಲು, "ನಾನು ಹೋಗದಿದ್ದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ" ಎಂಬ ಸಾಲು, ನನ್ನನ್ನು ಬಿಡದೆ ಕಾಡಿದೆ. ಅದಕ್ಕೆ ಉತ್ತರವಾಗಿ ಈ ಪತ್ರ. ನಿನ್ನಂತೆಯೇ ಯೋಚಿಸುವವರು ಹಲವರಿರುವುದರಿಂದ ಇದನ್ನು ಎಲ್ಲರೂ ಓದುವಂತೆ ಪ್ರಕಟಿಸಲು ನೀನು ಒಪ್ಪಿದ್ದಕ್ಕೆ ಕೃತಜ್ಞನಾಗಿದ್ದೇನೆ.

ಮೊದಲು, ನಿನಗೆ ತಿಳಿದಿರಲಾರದ ಒಂದು ಸಂಗತಿ. 1983ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಧರ್ಮಕೇಂದ್ರವೆಂದರೆ (ಪ್ಯಾರಿಷ್) ಸಾಮಾನ್ಯವಾಗಿ ಒಂದು ಪ್ರದೇಶ, ಆ ಪ್ರದೇಶದಲ್ಲಿ ವಾಸಿಸುವ ಎಲ್ಲ ವಿಶ್ವಾಸಿಗಳು ಅದಕ್ಕೆ ಸೇರಿದವರು. ಒಬ್ಬನು ಒಂದೆಡೆ ಮೂರು ತಿಂಗಳು ವಾಸವಿದ್ದರೆ ಸಾಕು, ಅಲ್ಲಿನ ಗುರುಗಳು ಅವನ ಗುರುಗಳಾಗುತ್ತಾರೆ. ಹೆಸರು ಬರೆಸಿರಬೇಕೆಂದಿಲ್ಲ, ಯಾರ ಪರಿಚಯವೂ ಬೇಕೆಂದಿಲ್ಲ. ಅಂದರೆ ಕಳೆದ ಏಳು ತಿಂಗಳಿಂದ ನೀನು ಆ ಧರ್ಮಕೇಂದ್ರದವನೇ ಆಗಿದ್ದೀಯೆ. ಇನ್ನೂ ಒಂದು ಮಾತಿದೆ. ಅದೇ ಸಂಹಿತೆಯ 534ನೆಯ ವಿಧಿಯಂತೆ ಧರ್ಮಕೇಂದ್ರದ ಗುರುಗಳು ಪ್ರತಿ ಭಾನುವಾರವೂ ಕಡ್ಡಾಯ ಹಬ್ಬದ ದಿನಗಳಲ್ಲೂ ತಮಗೆ ಒಪ್ಪಿಸಲಾದ ಜನರಿಗಾಗಿ ಬಲಿಪೂಜೆಯೊಂದನ್ನು ಅರ್ಪಿಸಲೇಬೇಕು. ಆ ಜನರಲ್ಲಿ ನೀನೂ ಒಬ್ಬ. ನಿನ್ನ ಮುಖ ನೋಡದ, ನಿನ್ನ ಹೆಸರು ಕೇಳದ ಗುರುವೊಬ್ಬರು ಇಷ್ಟು ಭಾನುವಾರಗಳಿಂದ ನಿನಗಾಗಿ ಬಲಿಪೀಠದ ಮುಂದೆ ನಿಂತಿದ್ದಾರೆ. ಇದನ್ನು ಮೊದಲು ತಿಳಿದುಕೊಂಡಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನೀನು ಪರಸ್ಥಳದವನು, ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹಳಬರು ಎಂಬ ಸಂಕೋಚ ನಿನ್ನದು. ಆದರೆ ಧರ್ಮಕೇಂದ್ರಕ್ಕೆ ಪಾಶ್ಚಾತ್ಯ ಭಾಷೆಗಳಲ್ಲಿರುವ ಹೆಸರುಗಳ ಮೂಲವಾದ 'ಪರೋಯಿಕಿಯ' ಎಂಬ ಗ್ರೀಕ್ ಪದಕ್ಕೆ ಪರದೇಶಿಯಾಗಿ ನೆಲಸಿರುವುದು ಎಂಬ ಅರ್ಥವಿದೆ. ಆದಿಕಾಲದ ಕ್ರೈಸ್ತರು ತಮ್ಮ ಸಮುದಾಯವನ್ನು ದಾರಿಹೋಕರ ತಂಗುದಾಣವೆಂದೇ ಬಗೆದಿದ್ದರು. ಹಳಬರೆಂದು ನಿನಗೆ ಕಾಣುವವರೂ ಅಲ್ಲಿ ತಂಗಿರುವವರೇ, ನಿನಗಿಂತ ಕೆಲವು ವರ್ಷ ಮೊದಲು ಬಂದವರು.

ಭಾನುವಾರದ ಕೂಟದ ಬಗ್ಗೆ ನಮಗೆ ದೊರೆತಿರುವ ತುಂಬ ಹಳೆಯ ವಿವರಣೆಗಳಲ್ಲಿ ಒಂದನ್ನು ಹುತಾತ್ಮ ಸಂತ ಜಸ್ಟಿನ್ ಸುಮಾರು ಕ್ರಿ.ಶ. 155ರಲ್ಲಿ ರೋಮಿನ ಚಕ್ರವರ್ತಿಯನ್ನು ಉದ್ದೇಶಿಸಿ ಬರೆದಿದ್ದಾರೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಯೇಸುವಿನ ಶಿಷ್ಯರಾದ ಪ್ರೇಷಿತರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿರುವಷ್ಟು ಓದುತ್ತಾರೆ. ಓದು ಮುಗಿದ ಮೇಲೆ ಸಭೆಯ ಹಿರಿಯರು ಬುದ್ಧಿ ಹೇಳುತ್ತಾರೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರನ್ನು ತರುತ್ತಾರೆ. ಹಿರಿಯರ ಸ್ತುತಿಗೆ ಜನರೆಲ್ಲ 'ಆಮೆನ್' ಎನ್ನುತ್ತಾರೆ. ನಮ್ಮ ಪೂಜಾಕ್ರಮ ಇಂದಿಗೂ ಇದೇ ಹಾದಿಯಲ್ಲಿ ನಡೆಯುತ್ತಿದೆ. ಆದರೆ ನನ್ನ ಮನಸ್ಸು ನಿಲ್ಲುವುದು ಅದರ ನಂತರದ ಎರಡು ಮಾತುಗಳಲ್ಲಿ. ಬರಲಾಗದವರಿಗೆ ಅವರ ಪಾಲನ್ನು ಧರ್ಮಸೇವಕರು ಕೊಂಡೊಯ್ಯುತ್ತಾರೆ ಎನ್ನುತ್ತಾರೆ ಜಸ್ಟಿನ್. ಉಳ್ಳವರು ಮನಸ್ಸಿಗೆ ತೋಚಿದಷ್ಟು ಕೊಟ್ಟ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದು ತಂಗಿದವರು ಇವರೆಲ್ಲರ ಆರೈಕೆ ನಡೆಯುತ್ತದೆ ಎಂದೂ ಹೇಳುತ್ತಾರೆ. ಗೆಳೆಯ, ಬಾರದವರನ್ನೂ ಹೊಸಬರನ್ನೂ ನೆನೆಯುವುದು ಪೂಜೆಗೆ ಆಮೇಲೆ ಯಾರೋ ಅಂಟಿಸಿದ ಸಮಾಜಸೇವೆಯಲ್ಲ, ಎರಡನೆಯ ಶತಮಾನದಲ್ಲೇ ಅದು ಪೂಜೆಯೊಳಗಿತ್ತು.

ಕಳೆದ ನಾಲ್ಕು ವರ್ಷಗಳಿಂದ ಭಾನುವಾರದ ಪೂಜೆಯಾದ ಮೇಲೆ ರೋಗಿಗಳಿಗೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಕೊಂಡೊಯ್ಯುವ ಸೇವೆ ನನಗೆ ಒದಗಿದೆ. ಸಾಮಾನ್ಯ ವಿಶ್ವಾಸಿಗಳಿಗೂ ಈ ಸೇವೆಯನ್ನು ವಹಿಸುವ ಅವಕಾಶವನ್ನು ವಿಶ್ವದ ಧರ್ಮಸಭೆಗೆಲ್ಲ ಅನ್ವಯಿಸುವಂತೆ 1973ರಲ್ಲಿ ಪೋಪ್ ಆರನೆಯ ಪೌಲರು ಕೊಟ್ಟರು. ಹಾಸಿಗೆ ಬಿಟ್ಟು ಏಳಲಾಗದ ಒಬ್ಬ ವೃದ್ಧೆಯ ಮನೆಗೆ ಪ್ರತಿ ವಾರ ಹೋಗುತ್ತೇನೆ. ಪ್ರಸಾದ ಸ್ವೀಕರಿಸಿ, ಕಣ್ಣು ಮುಚ್ಚಿ ಕೊಂಚ ಹೊತ್ತು ಮೌನವಾಗಿದ್ದು, ಆಮೇಲೆ ಅವರು ತಪ್ಪದೆ ಕೇಳುವ ಪ್ರಶ್ನೆ ಎರಡು: ಇಂದು ಓದಿದ ಶುಭಸಂದೇಶದ (ಯೇಸುವಿನ ಜೀವನ ವೃತ್ತಾಂತದ) ಭಾಗ ಯಾವುದು, ಪೂಜೆಗೆ ಯಾರು ಯಾರು ಬಂದಿದ್ದರು. ನಾನು ಹೆಸರುಗಳನ್ನು ಹೇಳುತ್ತಾ ಹೋದಂತೆ ಅವರು ತಲೆದೂಗುತ್ತಾರೆ. ಯಾರದಾದರೂ ಹೆಸರು ಬಿಟ್ಟುಹೋದರೆ, "ಅವರೇಕೆ ಬರಲಿಲ್ಲ?" ಎನ್ನುತ್ತಾರೆ. ನಡೆದಾಡುವ ಕಾಲದಲ್ಲಿ ಅವರು ಯಾರ ಜೊತೆಯಲ್ಲೂ ಹೆಚ್ಚು ಮಾತಾಡಿದವರಲ್ಲ, ಮೂರನೆಯ ಬೆಂಚಿನ ಅಂಚಿನಲ್ಲಿ ಕುಳಿತು ಹೋಗುತ್ತಿದ್ದರು, ಅಷ್ಟೆ. ನಿನ್ನನ್ನು ಯಾರೂ ಗಮನಿಸುವುದಿಲ್ಲವೆಂದು ನೀನು ಬರೆದಾಗ ನನಗೆ ಅವರೇ ನೆನಪಾದರು.

ಮೊಬೈಲಿನ ಪೂಜೆಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರಸಾರವಾಗುವ ಪೂಜೆಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಆ ವೃದ್ಧೆಗೆ ವಾರದ ದಿನಗಳಲ್ಲಿ ಅದೇ ಆಸರೆ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅಸ್ಸಿಸಿಯ ಸಂತ ಕ್ಲಾರಾ ಕ್ರಿಸ್ತಜಯಂತಿಯ ರಾತ್ರಿ ತನ್ನ ಕೋಣೆಯಲ್ಲಿ ಮಲಗಿದ್ದಲ್ಲಿಂದಲೇ ದೂರದ ದೇವಾಲಯದ ಆರಾಧನೆಯನ್ನು ಕಂಡು ಕೇಳಿದರೆಂಬ ಪರಂಪರೆಯ ನೆನಪಿನಲ್ಲಿ ಪೋಪ್ ಹನ್ನೆರಡನೆಯ ಪಿಯುಸರು 1950ರ ದಶಕದಲ್ಲಿ ಆಕೆಯನ್ನು ದೂರದರ್ಶನದ ಪಾಲಕ ಸಂತರೆಂದು ಸಾರಿದರು. ಆದರೆ ಗಮನಿಸು, ಕ್ಲಾರಾ ಹೋಗಲಾಗದೆ ಮಲಗಿದ್ದರು. 2020ರ ಮಹಾಮಾರಿಯಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವೆಲ್ಲರೂ ಹಾಗೆಯೇ ಇದ್ದೆವು. ಅದೇ ವರ್ಷ ವ್ಯಾಟಿಕನ್ನಿನ ಆರಾಧನಾ ವಿಭಾಗವು ಧರ್ಮಾಧ್ಯಕ್ಷರುಗಳಿಗೆ (ಬಿಷಪರಿಗೆ) ಪತ್ರ ಬರೆದು, ಯಾವ ಪ್ರಸಾರವೂ ಖುದ್ದು ಪಾಲ್ಗೊಳ್ಳುವುದಕ್ಕೆ ಸಮನಾಗದು, ಅದರ ಸ್ಥಾನವನ್ನೂ ತುಂಬದು ಎಂದು ನೆನಪಿಸಿತು. ಪರದೆಯ ಮೇಲೆ ನೀನು ಬಲಿಪೀಠವನ್ನು ಕಾಣುತ್ತೀಯೆ, ಆದರೆ ಪಕ್ಕದ ಬೆಂಚಿನವರಿಗೆ ನೀನು ಕಾಣುವುದಿಲ್ಲ, ಪ್ರಸಾದ ನಿನ್ನ ಬಾಯಿಗೆ ಬರುವುದಿಲ್ಲ.

ವಾರವಾರವೂ ಅದೇ ಮಾತು, ಅದೇ ಕ್ರಮ ಎಂದೂ ಬರೆದಿದ್ದೀಯೆ. ಕ್ರಮ ಅದೇ ಹೌದು. ಆದರೆ ಪೂಜಾಕ್ರಮದ 1969ರ ಪರಿಷ್ಕರಣೆಯ ನಂತರ ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಸುತ್ತುತ್ತವೆ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೊವಾನ್ನರ ಶುಭಸಂದೇಶ ಹೆಚ್ಚಾಗಿ ಪುನರುತ್ಥಾನದ ಹಬ್ಬವಾದ ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲದಲ್ಲಿಯೂ ಆ ಹಬ್ಬದಿಂದ ತೊಡಗುವ ಪಾಸ್ಖ ಕಾಲದಲ್ಲಿಯೂ ಬರುತ್ತದೆ. ನಾನು ಎರಡನೆಯ ವಾಚನ ಓದಲು ಆರಂಭಿಸಿದ ಮೇಲೆ ತಿಳಿದದ್ದೆಂದರೆ, ಮೂರು ವರ್ಷದ ಬಳಿಕ ಅದೇ ಪುಟ ತೆರೆದಾಗ ಓದುವವನು ಬೇರೆಯಾಗಿರುತ್ತಾನೆ. ತಂದೆಯವರು ತೀರಿಹೋದ ವರ್ಷ ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ನಾನೇ ಓದಬೇಕಾಗಿ ಬಂತು. ಅದಕ್ಕಿಂತ ಮೂರು ವರ್ಷ ಹಿಂದೆಯೂ ನಾನೇ ಓದಿದ್ದೆ, ಆಗ ಉಚ್ಚಾರಣೆಯ ಮೇಲಷ್ಟೇ ಗಮನವಿತ್ತು.

ಪೂಜೆಯ ಆರಂಭದಲ್ಲಿ ಗುರುಗಳು "ಪ್ರಾರ್ಥಿಸೋಣ" ಎಂದು ಹೇಳಿ ಕ್ಷಣಕಾಲ ಮೌನವಾಗಿರುತ್ತಾರಲ್ಲ, ಆ ಮೌನ ನಮ್ಮದು. ಒಬ್ಬೊಬ್ಬರೂ ತಂದ ಕೋರಿಕೆಗಳನ್ನು ಅಲ್ಲಿ ಇಡಬೇಕು, ಗುರುಗಳು ಆಮೇಲೆ ಕೈಗಳನ್ನು ಚಾಚಿ ಅವೆಲ್ಲವನ್ನೂ ಒಂದೇ ಪ್ರಾರ್ಥನೆಯಾಗಿ ಒಟ್ಟುಗೂಡಿಸುತ್ತಾರೆ. ಇದಕ್ಕೆ ಲತೀನಿನಲ್ಲಿರುವ ಹೆಸರೇ ಒಟ್ಟುಗೂಡಿಸುವುದು ಎಂದು ಸೂಚಿಸುತ್ತದೆ. ಕೆಲವೆಡೆ ಅವಸರದಲ್ಲಿ ಆ ಮೌನವನ್ನೇ ನುಂಗಿಬಿಡುತ್ತಾರೆ. ಅದು ನನಗೆ ನಿಜವಾಗಿ ನೋವು ತರುವ ವಿಷಯ.

ಸಮುದಾಯದ ಬದುಕು ಸಿಹಿಯಾಗಿಯೇ ಇರುತ್ತದೆಂದು ನಾನು ಹೇಳಿದರೆ ಸುಳ್ಳಾದೀತು. ದೇವಾಲಯದ ಚಾವಣಿ ದುರಸ್ತಿಯ ಖರ್ಚಿನ ವಿಷಯದಲ್ಲಿ ಹಣಕಾಸು ಸಮಿತಿಯ ಹಿರಿಯರೊಬ್ಬರೊಡನೆ ನನಗೆ ಮನಸ್ತಾಪವಾಯಿತು. ಮಾತು ಬೆಳೆಯಿತು, ನಾಲ್ಕು ತಿಂಗಳು ನಾನು ಅವರಿಂದ ದೂರದ ಬೆಂಚನ್ನೇ ಆರಿಸಿ ಕುಳಿತೆ. ಒಂದು ಭಾನುವಾರ ತಡವಾಗಿ ಬಂದಾಗ ಖಾಲಿಯಿದ್ದದ್ದು ಅವರ ಪಕ್ಕದ ಜಾಗ ಮಾತ್ರ. ಪರಸ್ಪರ ಶಾಂತಿ ಕೋರುವ ಘಳಿಗೆ ಬರುವವರೆಗೂ ನನ್ನ ಗಮನವೆಲ್ಲ ಅದರ ಮೇಲೆಯೇ ಇತ್ತು. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ರಾಜಿಯಾಗು ಎಂದು ಪ್ರಭು ಹೇಳಿದ್ದಾರೆ. ಅದು ಮತ್ತಾಯರ ಐದನೆಯ ಅಧ್ಯಾಯದಲ್ಲಿದೆ. ನಾನು ಅವರ ಕಡೆ ತಿರುಗುವ ಮೊದಲೇ ಅವರು ನನ್ನ ಕಡೆ ತಿರುಗಿದ್ದರು. ಲೆಕ್ಕದ ವಿಷಯದಲ್ಲಿ ಇಂದಿಗೂ ನಮಗೆ ಒಮ್ಮತವಿಲ್ಲ, ಆದರೆ ಅವರ ಪತ್ನಿಯನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಅವರು ಮೊದಲು ಕರೆದದ್ದು ನನ್ನನ್ನು. ನಾವಿಬ್ಬರೂ ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ. ಆರಿಸಿಕೊಳ್ಳದವರನ್ನು ಒಂದೇ ಬೆಂಚಿನಲ್ಲಿ ಕೂರಿಸುವ ಜಾಗ ನನ್ನ ಬಾಳಿನಲ್ಲಿ ಬೇರೆ ಯಾವುದೂ ಇಲ್ಲ.

ಕೊರಿಂಥದ ಸಭೆಯಲ್ಲಿ ಪ್ರಭುವಿನ ಭೋಜನಕ್ಕೆಂದು ಸೇರಿದಾಗ ಕೆಲವರು ತಿಂದು ಕುಡಿದು ಮತ್ತರಾಗುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ಸಂತ ಪೌಲರು ಅದನ್ನು ಕೇಳಿ ಬಹಳ ಕಟುವಾಗಿ ಬರೆದರು: ನೀವು ಸೇರಿ ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದರು. ಪಕ್ಕದವರ ಕಷ್ಟಸುಖ ತಿಳಿಯದೆ ಆ ಭೋಜನದಲ್ಲಿ ಕೂರಲಾಗದೆಂದೇ ಪೂಜೆಯ ಕೊನೆಯ ಪ್ರಕಟಣೆಗಳನ್ನು ನಾನು ಶ್ರದ್ಧೆಯಿಂದ ಕೇಳುತ್ತೇನೆ. ಯಾರ ಮದುವೆ, ಯಾರ ಶ್ರಾದ್ಧ ಪೂಜೆ, ಯಾವ ಕುಟುಂಬಕ್ಕೆ ರಕ್ತ ಬೇಕಾಗಿದೆ, ಧರ್ಮೋಪದೇಶದ ತರಗತಿಗೆ ಯಾರು ಬರಬೇಕು, ಯಾವ ಕಿರು ಸಮುದಾಯದವರು ಈ ವಾರ ದೇವಾಲಯವನ್ನು ಗುಡಿಸಬೇಕು ಎಂಬ ಆ ಮಾತುಗಳನ್ನು ಕೇಳುವ ಮೊದಲೇ ಹೊರಗೆ ಓಡುವವರು ಪೂಜೆಯ ಒಂದು ಭಾಗವನ್ನು ಬಿಟ್ಟುಹೋಗುತ್ತಾರೆಂದೇ ನನ್ನ ಅನಿಸಿಕೆ.

ಐದನೆಯ ಶತಮಾನದ ರೋಮಿನಲ್ಲಿ ನಡೆಯುತ್ತಿದ್ದ ಒಂದು ಆಚರಣೆಯನ್ನು ಓದಿದಾಗಿನಿಂದ ನಿನಗೆ ಹೇಳಬೇಕೆಂದುಕೊಂಡಿದ್ದೆ. ಪೋಪರು ತಮ್ಮ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ ತುಣುಕುಗಳನ್ನು ಭಾನುವಾರ ನಗರದ ಇತರ ದೇವಾಲಯಗಳ ಗುರುಗಳಿಗೆ ಕಳುಹಿಸುತ್ತಿದ್ದರು. ಅಂದು ತಮ್ಮ ಜನರ ಜೊತೆಯಲ್ಲಿರಬೇಕಾಗಿ ಬಂದ ಆ ಗುರುಗಳು ತಾವು ಬೇರ್ಪಟ್ಟವರೆಂದು ಭಾವಿಸದಿರಲಿ ಎಂಬುದೇ ಇದರ ಉದ್ದೇಶವೆಂದು ಪೋಪ್ ಒಂದನೆಯ ಇನ್ನೊಸೆಂಟರು 416ರಲ್ಲಿ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಈಗಲೂ ಗುರುಗಳು ರೊಟ್ಟಿಯನ್ನು ಮುರಿದು ಒಂದು ಸಣ್ಣ ಚೂರನ್ನು ಪಾನಪಾತ್ರೆಗೆ ಹಾಕುವಾಗ ನನಗೆ ಆ ಕಾಲದ ಬೀದಿಗಳಲ್ಲಿ ತುಣುಕುಗಳನ್ನು ಹೊತ್ತು ನಡೆದವರ ನೆನಪಾಗುತ್ತದೆ. ರೊಟ್ಟಿ ದ್ರಾಕ್ಷಾರಸಗಳನ್ನು ಪವಿತ್ರಗೊಳಿಸುವಾಗ ಗುರುಗಳು ಹೇಳುವ ಪ್ರಾರ್ಥನೆಗಳಲ್ಲಿ ಮೂರನೆಯದರಲ್ಲಿ ಲೋಕದಲ್ಲೆಲ್ಲ ಚದುರಿಹೋಗಿರುವ ಮಕ್ಕಳನ್ನು ನಿನ್ನೆಡೆಗೆ ಒಟ್ಟುಗೂಡಿಸು ಎಂದು ತಂದೆಯಾದ ದೇವರನ್ನು ಬೇಡುವ ಮಾತು ಬರುತ್ತದೆ. ಈ ಹತ್ತು ತಿಂಗಳೂ ಆ ಮಾತು ಬಂದಾಗಲೆಲ್ಲ ನಾನು ನಿನ್ನ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ.

ಈಗ ನೀನು ಮಾಡಬೇಕಾದದ್ದು ಹೆಚ್ಚೇನಿಲ್ಲ. ಭಾನುವಾರ ಬೆಳಿಗ್ಗೆ ಕೆಲಸವಿದ್ದರೆ ಶನಿವಾರ ಸಂಜೆಯ ಪೂಜೆಯೂ ಆದೀತು, ಧರ್ಮಸಭೆ ಅದನ್ನು ಭಾನುವಾರದ ಪೂಜೆಯೆಂದೇ ಎಣಿಸುತ್ತದೆ. ಕೊನೆಯ ಬೆಂಚು ಬಿಟ್ಟು ನಡುವಿನಲ್ಲಿ ಎಲ್ಲಾದರೂ ಕುಳಿತುಕೋ. ಪೂಜೆಯಾದ ಮೇಲೆ ಗುರುಗಳ ಬಳಿ ಹೋಗಿ ಹೆಸರು ಹೇಳು, ಎಲ್ಲಿ ವಾಸವಿದ್ದೀಯೆಂದು ತಿಳಿಸು, ಹಾಡಲು ಬರುತ್ತದೆಂದೂ ಹೇಳು. ಗಾಯನ ಮಂಡಳಿಗೆ ಗಂಡು ದನಿ ಸಾಲದೆನ್ನುವ ಧರ್ಮಕೇಂದ್ರವೇ ಹೆಚ್ಚು. ಮೊದಲ ಸಲ ಯಾರೂ ನಗುಮೊಗ ತೋರದಿದ್ದರೆ ಎರಡನೆಯ ವಾರವೂ ಹೋಗು. ಹೋದ ಮೇಲೆ ನನಗೆ ಬರೆ, ಅಂದಿನ ಶುಭಸಂದೇಶ ಯಾವುದು, ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು. ಕಳೆದ ಭಾನುವಾರ ನಾನು ಪ್ರಸಾದ ಕೊಂಡೊಯ್ಯುವ ಆ ವೃದ್ಧೆ ನಿನ್ನ ಬಗ್ಗೆಯೂ ಕೇಳಿದರು, "ಗಾಯನ ಮಂಡಳಿಯಲ್ಲಿ ನಿನ್ನ ಎಡಕ್ಕೆ ನಿಲ್ಲುತ್ತಿದ್ದ ಹುಡುಗ ಎಲ್ಲಿ?" ಎಂದು. ದೂರದ ಊರಿಗೆ ಹೋಗಿದ್ದಾನೆ ಎಂದೆ. "ಅಲ್ಲಿ ಪೂಜೆಗೆ ಹೋಗುತ್ತಾನಷ್ಟೇ?" ಎಂದರು. ಮುಂದಿನ ವಾರ ಹೇಳುತ್ತೇನೆ ಎಂದು ಬಂದಿದ್ದೇನೆ.

ಪ್ರಭುವಿನಲ್ಲಿ ಎಂದೆಂದೂ ನಿನ್ನ,
ಗೆಳೆಯ